ತಪ್ಪು ಮಾಡಿದ್ರ ಯಾಕ ಬಿಟ್ರು, ಮಾಡಿಲ್ಲಂದ್ರ ಯಾಕ ಹಿಡದ್ರು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೂಲಿ ಕೆಲಸ ಮಾಡಿಕೊಂಡಿದ್ದ. ಊರಿನ ರೈತರೊಬ್ಬರ ಹೊಲದಿಂದ ಸುಮಾರು 8 ಸಾವಿರ ರೂಪಾಯಿಯ ಬೋರ್‌ವೆಲ್ ಕೇಬಲ್ ಕದ್ದನೆಂದು ಪೊಲೀಸರು ಅವನನ್ನು ಹಿಡಿದರು. 12ನೆಯ ದಿನ ಜಾಮೀನು ಸಿಕ್ಕಿತು ಅಂದರು, ಆದರೆ ಮನೆಗೆ ಬಂದದ್ದು 38ನೆಯ ದಿನ. ಕೇಸು ಇನ್ನೂ ನಡೆಯುತ್ತಿದೆ. ರೊಕ್ಕ ಕೊಟ್ಟು ಹೊರಗೆ ಬಂದ ಅಂತ ಊರು ಮಾತಾಡುತ್ತಿದೆ, ಯಾರೂ ಅವನನ್ನು ಕೆಲಸಕ್ಕೆ ಕರೆಯುತ್ತಿಲ್ಲ. ಮೊನ್ನೆ ಕಟ್ಟೆಯ ಮೇಲೆ ಹಿರಿಯರೊಬ್ಬರು ನನ್ನನ್ನೇ ಕೇಳಿದರು: "ತಪ್ಪು ಮಾಡಿದ್ರ ಯಾಕ ಬಿಟ್ರು? ಮಾಡಿಲ್ಲಂದ್ರ ಯಾಕ ಹಿಡದ್ರು?" ನನಗೆ ಉತ್ತರ ಹೊಳೆಯಲಿಲ್ಲ. ಮಕ್ಕಳಿಗೂ ಹೇಳಬಹುದಾದ ಹಾಗೆ ತಿಳಿಸಿಕೊಡಿ.

ಉತ್ತರ: ಮಾಸ್ತರರೇ, ಆ ಹಿರಿಯರ ಮಾತನ್ನು ಹಾಗೆ ಹಾಗೆಯೇ ಬರೆದು ಕಳಿಸಿದ್ದಕ್ಕೆ ಮೊದಲು ನಿಮಗೆ ನಮಸ್ಕಾರ. ಕಾನೂನು ಕಾಲೇಜಿನಲ್ಲಿ ನಾನು ಮೊದಲ ವರ್ಷದ ಮಕ್ಕಳಿಗೆ ಒಂದು ತಿಂಗಳು ಹೇಳುವುದೆಲ್ಲ ಆ ಎರಡು ಸಾಲಿನಲ್ಲಿ ಅಡಗಿದೆ. ತಪ್ಪು ಮಾಡಿದ್ದಾನೋ ಇಲ್ಲವೋ ಎನ್ನುವ ಒಂದೇ ಪ್ರಶ್ನೆಗೆ ಪೊಲೀಸರು ಒಂದು ಉತ್ತರ, ಜಾಮೀನು ಕೊಟ್ಟ ಕೋರ್ಟು ಇನ್ನೊಂದು ಉತ್ತರ ಕೊಟ್ಟಿದ್ದಾರೆ ಎಂದು ಅವರು ತಿಳಿದಿದ್ದಾರೆ. ನಿಜವಾಗಿ ಆ ಪ್ರಶ್ನೆಗೆ ಈವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹಿಡಿಯುವಾಗ ಕೇಳುವ ಪ್ರಶ್ನೆ ಬೇರೆ, ಬಿಡುವಾಗ ಕೇಳುವ ಪ್ರಶ್ನೆ ಬೇರೆ, ತೀರ್ಪಿನ ದಿನ ಕೇಳುವ ಪ್ರಶ್ನೆ ಮತ್ತೂ ಬೇರೆ.

ಕಾಳು ಹಸನು ಮಾಡುವ ಮನೆಯಲ್ಲಿ ಒಂದೇ ಜರಡಿ ಇರುವುದಿಲ್ಲವಲ್ಲ, ಹಾಗೆ ನೋಡಿ. ದೂರು ಬಂದಾಗ ಎಫ್‌ಐಆರ್ ದಾಖಲಿಸಲು, ಇಂಥ ಅಪರಾಧ ನಡೆದಿದೆ ಎಂದು ಆ ದೂರೇ ಹೇಳುತ್ತಿದ್ದರೆ ಸಾಕು. ಅಲ್ಲಿ ಜರಡಿಯ ಕಣ್ಣು ಬಹಳ ದೊಡ್ಡದು. ಒಬ್ಬನನ್ನು ಬಂಧಿಸಲು ಅವನ ಮೇಲೆ ಸಕಾರಣವಾದ ಸಂಶಯ ಇರಬೇಕು, ಬಂಧನದ ಅಗತ್ಯವೂ ಇರಬೇಕು. ಕೋರ್ಟು ಆರೋಪ ಹೊರಿಸುವ ಹೊತ್ತಿಗೆ ಮೇಲ್ನೋಟಕ್ಕಾದರೂ ಕೇಸು ನಿಲ್ಲುವಂತಿರಬೇಕು. ಶಿಕ್ಷೆ ಕೊಡಬೇಕಾದರೆ ಸಂಶಯಾತೀತವಾಗಿ ರುಜುವಾತಾಗಬೇಕು. ಮೊದಲ ಜರಡಿಯಲ್ಲಿ ಇಳಿದದ್ದು ಕೊನೆಯದರಲ್ಲೂ ಇಳಿಯುತ್ತದೆ ಎಂದು ಹೇಳಲಾಗದು. ಹಾಗೆ ಇಳಿಯುವುದೇ ಖಂಡಿತ ಎಂದಿದ್ದರೆ ಕೋರ್ಟೇ ಬೇಕಿರಲಿಲ್ಲ, ಠಾಣೆಯೊಂದೇ ಸಾಕಾಗುತ್ತಿತ್ತು.

ಸಂಶಯಾತೀತ ಎಂಬ ಮಾತಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಆರೋಪಿಯ ಮೇಲಿನ ತಪ್ಪನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು, ನಾನು ನಿರ್ದೋಷಿ ಎಂದು ತೋರಿಸುವ ಹೊಣೆ ಆರೋಪಿಯದ್ದಲ್ಲ. 1935ರಲ್ಲಿ ಇಂಗ್ಲೆಂಡಿನ ವೂಲ್ಮಿಂಗ್ಟನ್ ಪ್ರಕರಣದಲ್ಲಿ ಈ ತತ್ವವನ್ನು ಇಡೀ ಕ್ರಿಮಿನಲ್ ಕಾನೂನಿನ ಉದ್ದಕ್ಕೂ ಹಾದುಹೋಗುವ ಬಂಗಾರದ ಎಳೆ ಎಂದು ಕರೆದರು. ನಮ್ಮ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಆದರೆ ಸಂಶಯ ಎಂದರೆ ಕೂದಲು ಸೀಳುವ ಯಾವುದೋ ಕಲ್ಪನೆಯಲ್ಲ. 1973ರ ಶಿವಾಜಿ ಬೊಬಡೆ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಸಣ್ಣಪುಟ್ಟ ಅನುಮಾನಕ್ಕೆಲ್ಲ ತಪ್ಪಿತಸ್ಥರನ್ನು ಬಿಡುತ್ತ ಹೋದರೆ ಜನ ಕಾನೂನಿನ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತಾರೆ ಎಂದು ಎಚ್ಚರಿಸಿದ್ದರು. ಆರೋಪಿಗಳ ಹಕ್ಕುಗಳಿಗಾಗಿ ಅವರಷ್ಟು ಗಟ್ಟಿಯಾಗಿ ನಿಂತ ನ್ಯಾಯಾಧೀಶರು ಕಡಿಮೆ. ಅವರೇ ಈ ಮಾತನ್ನೂ ಹೇಳಿದ್ದರಿಂದ ನನಗೆ ಅದರ ಮೇಲೆ ಗೌರವ ಹೆಚ್ಚು.

ಸಿವಿಲ್ ದಾವೆಯಲ್ಲಿ ಇಷ್ಟು ಬಿಗಿ ಇಲ್ಲ, ತಕ್ಕಡಿ ಯಾವ ಕಡೆ ತುಸು ವಾಲಿತೋ ಆ ಕಡೆ ಗೆಲುವು. ಕ್ರಿಮಿನಲ್ ಕೇಸಿನಲ್ಲಿ ಏಕೆ ಬಿಗಿ ಎಂದರೆ, ಒಂದು ಕಡೆ ಠಾಣೆ, ಜೀಪು, ಲ್ಯಾಬು, ಸರ್ಕಾರಿ ವಕೀಲರು ಎಲ್ಲ ಇರುವ ರಾಜ್ಯ, ಇನ್ನೊಂದು ಕಡೆ ಒಬ್ಬ ಕೂಲಿಯವ. ತಪ್ಪಾಗಿ ಹೋದ ಹೊಲವನ್ನು ಮೇಲಿನ ಕೋರ್ಟು ತಿರುಗಿ ಕೊಡಿಸಬಹುದು. ತಪ್ಪಾಗಿ ಜೈಲಿನಲ್ಲಿ ಕಳೆದ ವರ್ಷವನ್ನು ಯಾವ ಕೋರ್ಟೂ ತಿರುಗಿ ಕೊಡಲಾರದು.

ಈಗ ನಿಮ್ಮ ಹುಡುಗನ ಬಂಧನಕ್ಕೆ ಬರೋಣ. ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ ಸಾಮಾನ್ಯವಾಗಿ ಗರಿಷ್ಠ 3 ವರ್ಷ ಶಿಕ್ಷೆ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಆರೋಪ ಬಂತೆಂದು ತಾನೇ ತಾನಾಗಿ ಹಿಡಿದು ಒಳಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಕಡ್ಡಾಯ ಮಾಡಿತು. ಬಂಧಿಸುವುದಾದರೆ ಯಾಕೆ ಬಂಧಿಸಲೇಬೇಕಾಯಿತು ಎಂದು ಪೊಲೀಸರು ಕಾರಣ ಬರೆದಿಡಬೇಕು. ಮ್ಯಾಜಿಸ್ಟ್ರೇಟರೂ ಆ ಕಾರಣಗಳನ್ನು ಓದಿ ಒಪ್ಪಿದ ಮೇಲೆಯೇ ನ್ಯಾಯಾಂಗ ಬಂಧನಕ್ಕೆ ಕಳಿಸಬೇಕು. ಅಗತ್ಯವಿಲ್ಲದಿದ್ದರೆ ನೋಟಿಸು ಕೊಟ್ಟು ಠಾಣೆಗೆ ಕರೆಸಿ ವಿಚಾರಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಬಂಧನ ಮತ್ತು ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 35ನೆಯ ಕಲಮಿನಲ್ಲಿ ಇದು ಇದೆ. ಅಂದರೆ "ಮಾಡಿಲ್ಲಂದ್ರ ಯಾಕ ಹಿಡದ್ರು" ಎಂಬ ಪ್ರಶ್ನೆಯನ್ನು ಊರಿಗಿಂತ ಮೊದಲು ಕಾನೂನೇ ಕೇಳಿದೆ, ಬರೆದು ಉತ್ತರಿಸಿ ಎಂದೂ ಹೇಳಿದೆ. ಆ ಕಡತದಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಹುಡುಗನ ವಕೀಲರು ತೆಗೆಸಿ ನೋಡಬೇಕು.

ಠಾಣೆಯಲ್ಲಿ ಒಪ್ಪಿಕೊಂಡನಂತೆ ಎಂಬ ಮಾತೂ ಕಟ್ಟೆಯ ಮೇಲೆ ಬಂದೇ ಬಂದಿರುತ್ತದೆ, ನೀವು ಬರೆಯದಿದ್ದರೂ. ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬ್ರಿಟಿಷರೇ ಈ ಬೇಲಿ ಹಾಕಿದ್ದರು, ಈಗಿನ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಅದನ್ನು ಉಳಿಸಿಕೊಂಡಿದೆ. ಅವನು ಹೇಳಿದ್ದರಿಂದಲೇ ಮಾಲು ಪತ್ತೆಯಾಗಿದ್ದರೆ ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತಿಗೆ ಮಾತ್ರ ಬೆಲೆ. ಒಪ್ಪಿಕೊಂಡ ಎನ್ನುವುದಕ್ಕಿಂತ ಕೇಬಲ್ ಎಲ್ಲಿ ಸಿಕ್ಕಿತು, ಪಂಚನಾಮೆಗೆ ಸಹಿ ಹಾಕಿದ ಪಂಚರು ಯಾರು, ಅವರು ನಿಜವಾಗಿ ಸ್ಥಳದಲ್ಲಿದ್ದರೇ, ಇವುಗಳ ಮೇಲೆ ಕೇಸು ನಿಲ್ಲುತ್ತದೆ.

ಇನ್ನು ಜಾಮೀನು. ಊರು ಅತಿ ಹೆಚ್ಚು ತಪ್ಪು ತಿಳಿದಿರುವುದು ಇದನ್ನೇ.

ನಾನು ಕರಿ ಕೋಟು ಹಾಕಿದ ಹೊಸದರಲ್ಲಿ ಒಂದು ತಾಲ್ಲೂಕು ಕೋರ್ಟಿನ ಆವರಣದಲ್ಲಿ ಒಬ್ಬ ಮುದುಕಿ ನನ್ನ ಹತ್ತಿರ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದೆಳೆ ಬೋರಮಾಳ ತೆಗೆದು, "ಇದನ್ನ ಕೋರ್ಟಿನ್ಯಾಗ ಒತ್ತಿ ಇಟ್ರ ನನ್ನ ಮಗನ್ನ ಬಿಡ್ತಾರೇನ್ರಿ ಯಪ್ಪಾ?" ಎಂದು ಕೇಳಿದಳು. ಕೋರ್ಟು ಬಂಗಾರ ಒತ್ತಿ ಇಟ್ಟುಕೊಳ್ಳುವುದಿಲ್ಲವ್ವ, ಹೊಲವಿದ್ದ ಯಾರಾದರೂ ಬಂದು ಸಹಿ ಹಾಕಬೇಕು ಎಂದೆ. ನಮಗೆ ಹೊಲ ಇದ್ದವರು ಯಾರು ಅದಾರ ಎಂದಳು. ಆ ಮುದುಕಿಯ ಮಗ ಬಿಡುಗಡೆಯಾಗಿದ್ದು ಎಷ್ಟೋ ವಾರಗಳ ನಂತರ. ನನಗೆ ಆಗ ಮಾಡಬೇಕಾದದ್ದು ಏನೆಂದು ಪೂರ್ತಿ ತಿಳಿದಿರಲಿಲ್ಲ ಎಂಬ ನೋವು ಈಗಲೂ ಇದೆ.

ಜಾಮೀನು ಕೊಡುವಾಗ ನ್ಯಾಯಾಧೀಶರು ಮುಖ್ಯವಾಗಿ ನೋಡುವುದು ಇಷ್ಟು: ಇವನು ಊರು ಬಿಟ್ಟು ಓಡಿಹೋಗುವನೇ, ಸಾಕ್ಷಿಗಳನ್ನು ಹೆದರಿಸಿ ಕೆಡಿಸುವನೇ, ಹೊರಗೆ ಬಂದು ಮತ್ತೆ ಅಂಥದ್ದೇ ಮಾಡುವನೇ. ಆರೋಪ ಎಷ್ಟು ಗಂಭೀರ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅವನು ತಪ್ಪು ಮಾಡಿದ್ದಾನೆಯೇ ಎಂಬುದು ಅಂದಿನ ತೀರ್ಮಾನವಲ್ಲ. ಹಾಗಾಗಿ ಜಾಮೀನು ಸಿಕ್ಕವನು ನಿರ್ದೋಷಿ ಎಂದಾಗುವುದಿಲ್ಲ, ಸಿಗದವನು ಅಪರಾಧಿ ಎಂದೂ ಆಗುವುದಿಲ್ಲ. ಶಿಕ್ಷೆಯಾಗುವವರೆಗೆ ಮನುಷ್ಯ ತನ್ನ ಮನೆಯಲ್ಲಿರುವುದು ನಿಯಮ, ಜೈಲಿನಲ್ಲಿರುವುದು ಅಪವಾದ. 1977ರ ಬಾಲ್‌ಚಂದ್ ಪ್ರಕರಣದಲ್ಲಿ ಕೃಷ್ಣ ಅಯ್ಯರ್ ಹೇಳಿದ್ದು ಇದನ್ನೇ.

ರೊಕ್ಕ ಕೊಟ್ಟು ಬಂದ ಎನ್ನುವುದೂ ಸಾಮಾನ್ಯವಾಗಿ ಸುಳ್ಳು. 25 ಸಾವಿರದ ಬಾಂಡು ಎಂದರೆ 25 ಸಾವಿರ ಕಟ್ಟಿದ ಹಾಗಲ್ಲ. ಇವನು ವಾಯಿದೆಗೆ ಹಾಜರಾಗದಿದ್ದರೆ ಅಷ್ಟು ಹಣಕ್ಕೆ ನಾನು ಹೊಣೆ ಎಂದು ಒಬ್ಬ ಜಾಮೀನುದಾರ ಬರೆದುಕೊಟ್ಟ ಮುಚ್ಚಳಿಕೆ ಅದು. ನಮ್ಮ ಕೋರ್ಟುಗಳಲ್ಲಿ ಆ ಮುಚ್ಚಳಿಕೆಯ ಹಿಂದೆ ಪಹಣಿ ಕೇಳುವ ರೂಢಿ. ಪಹಣಿ ಎಂದ ಕೂಡಲೇ ಭೂಮಿ ಇಲ್ಲದವರ ಮುಂದೆ ಗೋಡೆ ಎದ್ದಿತು. ನಿಮ್ಮ ಹುಡುಗನ 12ನೆಯ ದಿನಕ್ಕೂ 38ನೆಯ ದಿನಕ್ಕೂ ನಡುವಿನ 26 ದಿನ ಹೋದದ್ದು ಬಹುಪಾಲು ಇಲ್ಲಿಯೇ ಎಂದು ನನ್ನ ಅನುಭವ ಹೇಳುತ್ತದೆ. ಹೊಲವಿದ್ದ ಮನೆಯ ಹುಡುಗನಾಗಿದ್ದರೆ 13ನೆಯ ದಿನ ಊರಲ್ಲಿರುತ್ತಿದ್ದ. ರೊಕ್ಕ ಕೊಟ್ಟು ಹೊರಗೆ ಬಂದ ಎನ್ನುತ್ತಾರಲ್ಲ, ರೊಕ್ಕ ಇಲ್ಲದ್ದಕ್ಕೇ ಅವನು 26 ದಿನ ಹೆಚ್ಚು ಒಳಗಿದ್ದ. ಕಟ್ಟೆಯ ಮೇಲೆ ಈ ಒಂದು ಮಾತನ್ನಾದರೂ ದಯವಿಟ್ಟು ಹೇಳಿ.

1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮ್ಯಾಜಿಸ್ಟ್ರೇಟರು ಅವರಿಗೆ 10 ಸಾವಿರದ ಜಾಮೀನು ಕೇಳಿದ್ದರು. ಅಣ್ಣತಮ್ಮಂದಿರಲ್ಲಿ ಒಬ್ಬರು ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಲಿಲ್ಲ. ಬಡ ಗಾರೆಯವನಿಗೆ ಇಷ್ಟು ದೊಡ್ಡ ಮೊತ್ತ ಹೇಳುವುದು ಜಾಮೀನು ನಿರಾಕರಿಸಿದಂತೆಯೇ ಎಂದು ಕೃಷ್ಣ ಅಯ್ಯರ್ ಬರೆದರು. ಒಬ್ಬ ಕನ್ನಡಿಗನೋ ತಮಿಳನೋ ದೂರದ ಬಸ್ತರ್‌ನಲ್ಲಿಯೋ ಚಾಂದನಿ ಚೌಕದಲ್ಲಿಯೋ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರರನ್ನು ಎಲ್ಲಿಂದ ತಂದಾನು ಎಂಬ ಪ್ರಶ್ನೆ ಆ ತೀರ್ಪಿನಲ್ಲಿದೆ. ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವ ನಮ್ಮ ಉತ್ತರ ಕರ್ನಾಟಕದ ಜನರ ವಿಚಾರದಲ್ಲಿ ಆ ಪ್ರಶ್ನೆ ಇವತ್ತಿಗೂ ಹಸಿಯಾಗಿದೆ. ಮರುವರ್ಷ, 1979ರಲ್ಲಿ, ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಸ್ಥಿತಿ ಬಯಲಿಗೆ ಬಂತು. ತಮ್ಮ ಮೇಲಿನ ಆರೋಪಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿದ್ದರು. ತ್ವರಿತ ವಿಚಾರಣೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಹೇಳುವ ಸಂವಿಧಾನದ 21ನೆಯ ವಿಧಿಯ ಭಾಗ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಸಾರಿದ್ದು ಆಗ.

ಅಷ್ಟಾಗಿಯೂ 2022ರ ಕೊನೆಯ ದಿನ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು. ಜೈಲು ಎಂದರೆ ಅಪರಾಧಿಗಳು ಇರುವ ಜಾಗ ಎಂದು ಪಾಠದಲ್ಲಿ ಹೇಳುತ್ತೇವಲ್ಲ, ಲೆಕ್ಕ ನೋಡಿದರೆ ಅದು ಹೆಚ್ಚಾಗಿ ತೀರ್ಪಿಗೆ ಕಾಯುವವರು ಇರುವ ಜಾಗ. ಮಕ್ಕಳಿಗೆ ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿ.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೆಲವು ನಿರ್ದೇಶನ ಕೊಟ್ಟಿತು. ಜಾಮೀನು ಆದೇಶವಾಗಿ 7 ದಿನದೊಳಗೆ ಕೈದಿ ಹೊರಗೆ ಹೋಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಬಹುದೇ ಎಂದು ನೋಡಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವೇ ಬಿಡುಗಡೆ ತಡವಾಗಲು ಒಂದು ಕಾರಣ ಎಂದೂ ಕೋರ್ಟು ಗುರುತಿಸಿತು. ಇನ್ನೊಂದು ನೆನಪಿಡಿ: ಇಂಥ ಕೇಸಿನಲ್ಲಿ ಆರೋಪಿ ಒಳಗಿದ್ದು 60 ದಿನದೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಉಚಿತ ವಕೀಲರು ಬೇಕಾದರೆ 15100ಕ್ಕೆ ಫೋನು ಮಾಡಬಹುದು. ಸಂಖ್ಯೆಯನ್ನು ಶಾಲೆಯ ಗೋಡೆಗೂ ಪಂಚಾಯಿತಿ ಗೋಡೆಗೂ ಬರೆಸಿ.

ಇಲ್ಲಿಯವರೆಗೆ ಹೇಳಿದ್ದು ಕಾನೂನು. ನಿಮ್ಮನ್ನು ನಿದ್ದೆಗೆಡಿಸಿರುವುದು ಮಾತ್ರ ಬೇರೆ, ಕೋರ್ಟು ಇನ್ನೂ ತೀರ್ಪು ಕೊಡದ ಹುಡುಗನಿಗೆ ಊರು ಆಗಲೇ ಶಿಕ್ಷೆ ಕೊಟ್ಟುಬಿಟ್ಟಿದೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1893ರಲ್ಲೇ ಒಂದು ವಿಚಾರ ಮಂಡಿಸಿದ್ದ. ಶಿಕ್ಷೆ ಮುಖ್ಯವಾಗಿ ಕೆಲಸ ಮಾಡುವುದು ತಪ್ಪು ಮಾಡಿದವನ ಮೇಲಲ್ಲ, ಸರಿ ಇದ್ದವರ ಮೇಲೆ. ನಾವೆಲ್ಲ ಒಂದು, ನಮ್ಮ ನಡುವೆ ಇದು ನಡೆಯುವುದಿಲ್ಲ ಎಂಬ ಭಾವವನ್ನು ಅದು ಗಟ್ಟಿ ಮಾಡುತ್ತದೆ. ಕೇಬಲ್ ಕಳುವಾದ ಮರುದಿನ ನಿಮ್ಮ ಕಟ್ಟೆಯನ್ನು ನೆನಪಿಸಿಕೊಳ್ಳಿ. ಎಂದೂ ಮಾತಾಡದವರೂ ಅಂದು ಒಟ್ಟಿಗೆ ಕೂತು ಮಾತಾಡಿರುತ್ತಾರೆ. ಹಾಗೆ ಒಂದಾಗಲು ಊರಿಗೆ ಒಬ್ಬ ಕಳ್ಳ ಬೇಕು, ಬೇಗ ಬೇಕು. ಕೋರ್ಟಿನ ವಾಯಿದೆಗಳಿಗೆ ಕಾಯುವಷ್ಟು ಪುರುಸೊತ್ತು ಆ ಸಿಟ್ಟಿಗಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಅಲ್ಲಿ ಸಾಕ್ಷ್ಯದ ಜಾಗದಲ್ಲಿ ಕೂರುತ್ತದೆ.

ಸಂಶಯ ಮೊದಲು ಯಾರ ಮನೆ ಬಾಗಿಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಅಧ್ಯಯನ ಮಾಡಿದರು. ಪ್ರಬಲ ಜಾತಿ, ಅಂದರೆ ಜನಬಲದಿಂದಲೂ ಭೂಮಿಯಿಂದಲೂ ಊರಲ್ಲಿ ಮೇಲುಗೈ ಪಡೆದ ಜಾತಿ, ಎಂಬ ಪರಿಕಲ್ಪನೆ ಹೊರಟದ್ದು ಅವರ ಇಂಥ ಕೆಲಸದಿಂದ. ಊರ ವ್ಯಾಜ್ಯಗಳನ್ನು ಹೆಚ್ಚಾಗಿ ಬಗೆಹರಿಸುತ್ತಿದ್ದವರು ಆ ಜಾತಿಯ ಹಿರಿಯರು, ಬೇರೆ ಜಾತಿಯವರೂ ಅವರ ಮುಂದೆಯೇ ಬರಬೇಕಿತ್ತು. ಕಟ್ಟೆಯ ಮೇಲೆ ಕೂರುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂಬುದು ಅಲ್ಲಿನ ತೀರ್ಪಿನ ಒಳಗೇ ಇರುತ್ತದೆ.

ಕಾನೂನಿನ ಕೈಯೂ ಇದರಲ್ಲಿ ಶುದ್ಧವಾಗಿಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು, ಮುಂದೆ ಅದು ನಮ್ಮ ಸೀಮೆಗೂ ಬಂತು. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ನೋಂದಾಯಿಸುವ ಕಾಯ್ದೆ ಅದು. ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಟ್ಟ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. 1952ರಲ್ಲಿ ಕಾಯ್ದೆ ಹೋಯಿತು, ಆ ಜನ ವಿಮುಕ್ತರಾದರು. ಆದರೆ ಕಳವಾದಾಗ ಮೊದಲು ಅವರ ಕೇರಿಗೆ ಹೋಗುವ ಅಭ್ಯಾಸವನ್ನು ಯಾವ ಗೆಜೆಟ್ಟೂ ರದ್ದು ಮಾಡಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1963ರಲ್ಲಿ ವಿವರಿಸಿದ ಹಣೆಪಟ್ಟಿಯ ಸಿದ್ಧಾಂತಕ್ಕೆ ಇದಕ್ಕಿಂತ ಕಠೋರ ಉದಾಹರಣೆ ನನಗೆ ತಿಳಿದಿಲ್ಲ. ಮಾಡಿದ ಕೆಲಸಕ್ಕಿಂತ ಸಮಾಜ ಅಂಟಿಸಿದ ಹೆಸರೇ ಮನುಷ್ಯನನ್ನು ರೂಪಿಸತೊಡಗುತ್ತದೆ ಎಂಬುದು ಆ ವಿಚಾರದ ತಿರುಳು. ನಿಮ್ಮ ಹುಡುಗನಿಗೆ ಊರಲ್ಲಿ ಕೂಲಿ ಸಿಗದಿದ್ದರೆ ಅವನನ್ನು ಕರೆದು ಮಾತಾಡಿಸುವವರು ಯಾರು ಉಳಿಯುತ್ತಾರೆ, ಯೋಚಿಸಿ.

ನನ್ನನ್ನು ಬಹಳ ಕಾಡಿದ ಇನ್ನೊಂದು ಸಂಗತಿ ಇದೆ. ಒಬ್ಬನನ್ನು ಜೀಪು ಹತ್ತಿಸುವುದು ಊರೆಲ್ಲ ನೋಡುವ ಒಂದು ಸಮಾರಂಭ. ಮನುಷ್ಯನ ಸ್ಥಾನವನ್ನು ಸಾರ್ವಜನಿಕವಾಗಿ ಕೆಳಗಿಳಿಸುವ ಇಂಥ ಆಚರಣೆಗಳ ಬಗ್ಗೆ ಅಮೆರಿಕದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಹೆರಾಲ್ಡ್ ಗಾರ್ಫಿಂಕೆಲ್ 1956ರಲ್ಲೇ ಬರೆದಿದ್ದ. ಮೇಲಕ್ಕೆತ್ತುವ ಆಚರಣೆ ಎಲ್ಲಿದೆ? ಖುಲಾಸೆಯಾದವನಿಗೆ ಸಿಗುವುದು ತೀರ್ಪಿನ ಒಂದು ನಕಲು ಪ್ರತಿ. ನಮ್ಮ ಹಳೆಯ ಜಾತಿ ಪಂಚಾಯಿತಿಗಳು ಬಹಳ ಕ್ರೂರವಾಗಿದ್ದವು, ಅವು ಮರಳಿ ಬರಬೇಕೆಂದು ನಾನು ಕನಸಿನಲ್ಲೂ ಬಯಸುವುದಿಲ್ಲ. ಆದರೆ ಬಹಿಷ್ಕಾರ ಹಾಕಿದವನನ್ನು ದಂಡ ಕಟ್ಟಿಸಿಕೊಂಡು, ಊಟ ಹಾಕಿಸಿ, ಪಂಕ್ತಿಯಲ್ಲಿ ಕೂರಿಸಿಕೊಂಡು ಒಳಗೆ ತೆಗೆದುಕೊಳ್ಳುವ ಕ್ರಮ ಅವುಗಳಿಗೆ ಗೊತ್ತಿತ್ತು. ಇವತ್ತಿನ ಊರಿಗೆ ಹೊರಗೆ ಹಾಕುವುದಷ್ಟೇ ನೆನಪಿದೆ.

ಕೇಬಲ್ ಕಳೆದುಕೊಂಡ ರೈತರನ್ನು ನಾನು ಮರೆತಿಲ್ಲ. ಬೇಸಿಗೆಯಲ್ಲಿ ನೀರು ನಿಂತು ಒಣಗಿದ ಬೆಳೆ ಅವರದ್ದು. ಕಟಕಟೆಯಲ್ಲಿ ಕೇಸು ಸರ್ಕಾರ ಮತ್ತು ಆರೋಪಿಯ ನಡುವೆ ನಡೆಯುವುದರಿಂದ, ನಷ್ಟವಾದವರು ಬರೀ ಸಾಕ್ಷಿಯಾಗಿ ಮೂಲೆಯಲ್ಲಿ ಉಳಿಯುತ್ತಾರೆ. ಆ ಉಪೇಕ್ಷೆಯೇ ಎಷ್ಟೋ ಸಲ ಸಿಟ್ಟಾಗಿ ಆರೋಪಿಯ ಮೇಲೆ ತಿರುಗುತ್ತದೆ. ಅವರಿಗೂ ಹಕ್ಕುಗಳಿವೆ, ತಿಳಿಸಿ: ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರು ತಿಳಿಸಬೇಕು. ವಶಪಡಿಸಿಕೊಂಡ ಕೇಬಲ್ ಮುದ್ದೆಮಾಲಾಗಿ ಠಾಣೆಯಲ್ಲಿದ್ದರೆ ಕೇಸು ಮುಗಿಯುವ ಮೊದಲೇ ಅದನ್ನು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬಹುದು. ಆರೋಪಿ ಖುಲಾಸೆಯಾದರೆ ಮೇಲ್ಮನವಿ ಹಾಕುವ ಹಕ್ಕೂ ಸಂತ್ರಸ್ತರಿಗಿದೆ. ಕಳ್ಳತನದ ಕೇಸಿನಲ್ಲಿ ಮಾಲೀಕ ಒಪ್ಪಿದರೆ ರಾಜಿಗೂ ಕಾನೂನು ದಾರಿ ಬಿಟ್ಟಿದೆ, ರಾಜಿಯಾದರೆ ಅದರ ಫಲ ಖುಲಾಸೆಯೇ. ಆದರೆ ಹುಡುಗ ತಾನು ಕದ್ದಿಲ್ಲ ಎನ್ನುತ್ತಿದ್ದರೆ, ಹಿರಿಯರ ಮಾತಿಗೆ ಕಟ್ಟುಬಿದ್ದು ತಪ್ಪೊಪ್ಪಿಕೊಂಡು ರಾಜಿಯಾಗು ಎಂದು ಅವನ ಮೇಲೆ ಯಾರೂ ಒತ್ತಡ ಹಾಕದ ಹಾಗೆ ನೋಡಿಕೊಳ್ಳಿ. ಆ ಕೆಲಸ ನಿಮ್ಮಿಂದ ಮಾತ್ರ ಆದೀತು.

ಕಟ್ಟೆಯ ಹಿರಿಯರಿಗೆ ಹೀಗೆ ಹೇಳಿ: ಸಂಶಯ ಬಂತು, ಹಿಡಿದರು. ಓಡಿಹೋಗುವವನಲ್ಲ ಅನ್ನಿಸಿತು, ಬಿಟ್ಟರು. ಕದ್ದನೋ ಇಲ್ಲವೋ ಎಂಬುದನ್ನು ಇನ್ನು ಮುಂದೆ ಸಾಕ್ಷಿ ಹೇಳಬೇಕು.

ಹುಡುಗನಿಗೆ ಒಂದು ಚಿಕ್ಕ ಡೈರಿ ಕೊಡಿಸಿ, ಪ್ರತಿ ವಾಯಿದೆಯ ತಾರೀಖನ್ನು ಅವನ ಕೈಯಲ್ಲೇ ಬರೆಸಿ. ಒಂದು ವಾಯಿದೆ ತಪ್ಪಿದರೆ ವಾರಂಟು ಹೊರಡುತ್ತದೆ, ಮತ್ತೆ ಜೀಪು ಊರಿಗೆ ಬರುತ್ತದೆ, ಜಾಮೀನು ನಿಂತವರು ದಂಡಕ್ಕೆ ಹೊಣೆಯಾಗುತ್ತಾರೆ. 38ನೆಯ ದಿನ ಯಾರೋ ಒಬ್ಬರು ತಮ್ಮ ಪಹಣಿ ಹಿಡಿದುಕೊಂಡು ಅವನಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಮುಂದಿನ ವಾಯಿದೆಯ ದಿನ ರಜೆ ಸಿಕ್ಕರೆ ನೀವೂ ಅವನ ಜೊತೆ ಬಸ್ಸು ಹತ್ತಿ. ಬಸ್‌ಸ್ಟ್ಯಾಂಡಿನಲ್ಲಿ ಊರವರು ನೋಡುತ್ತಾರೆ, ನೋಡಲಿ.